ಎಲ್ಲಿಗೆ ಹೋದಿರಿ ಎಂದಲ್ಲ, ಏನು ನೋಡಿದಿರಿ?



ದಸರಾ ರಜೆ ಬಂತೆಂದರೆ ಮನೆಮನೆಯಲ್ಲೂ ಒಂದೇ ಮಾತು. ಈ ಸಲ ಎಲ್ಲಿಗೆ ಹೋಗೋಣ? ಅಪ್ಪ ಅಮ್ಮ ಇಬ್ಬರಿಗೂ ಬಿಡುವು ಸಿಗುವುದು ಹೆಚ್ಚೆಂದರೆ ಒಂದು ವಾರ. ಆ ವಾರದಲ್ಲಿ ಒಂದು ದಿನ ಮೈಸೂರು, ಒಂದು ದಿನ ಜಲಪಾತ, ಮತ್ತೊಂದು ದಿನ ದೇವಸ್ಥಾನ, ನಡುವೆ ಅಜ್ಜಿಯ ಊರು. ರಜೆ ಮುಗಿದ ಮೇಲೆ ಶಾಲೆಯಲ್ಲಿ ಮೇಷ್ಟ್ರು ಕೇಳುತ್ತಾರೆ: ‘ರಜೆಯಲ್ಲಿ ಯಾರು ಯಾರು ಎಲ್ಲೆಲ್ಲಿಗೆ ಹೋಗಿದ್ದಿರಿ?’ ಕೆಲವರು ಎದ್ದು ನಿಂತು ಊರುಗಳ ಪಟ್ಟಿ ಒಪ್ಪಿಸುತ್ತಾರೆ. ಇನ್ನು ಕೆಲವರು ತಲೆ ತಗ್ಗಿಸಿ ಕೂರುತ್ತಾರೆ. ಅವರು ಎಲ್ಲಿಗೂ ಹೋಗಿರುವುದಿಲ್ಲ.

ಈ ಪ್ರಶ್ನೆಯೇ ಸರಿಯಿಲ್ಲ ಎಂದು ನನ್ನ ಅಭಿಪ್ರಾಯ. ‘ಎಲ್ಲಿಗೆ ಹೋದಿರಿ?’ ಎನ್ನುವ ಬದಲು ‘ಏನು ನೋಡಿದಿರಿ?’ ಎಂದು ಕೇಳಬೇಕು. ಏಕೆ ಎಂದು ಹೇಳುತ್ತೇನೆ. ನೀವೇ ಯೋಚಿಸಿ, ಒಪ್ಪಿಗೆಯಾದರೆ ಒಪ್ಪಿಕೊಳ್ಳಿ.

ಒಂದು ದಿನದ ಲೆಕ್ಕ

ಮಂಡ್ಯದ ಒಂದು ಕುಟುಂಬ ಬೆಳಿಗ್ಗೆ 6 ಗಂಟೆಗೆ ಮೈಸೂರಿಗೆ ಹೊರಟು ರಾತ್ರಿ 9 ಗಂಟೆಗೆ ಮನೆಗೆ ಬಂತು ಎಂದು ಇಟ್ಟುಕೊಳ್ಳೋಣ. ಒಟ್ಟು 15 ಗಂಟೆ. ಬಸ್ಸಿನಲ್ಲಿ ಕುಳಿತಿದ್ದು, ಬಸ್ಸಿಗಾಗಿ ಕಾದಿದ್ದು 6 ಗಂಟೆ. ದಸರೆಯ ಜನಜಂಗುಳಿಯಲ್ಲಿ ಟಿಕೆಟ್ ಸಾಲಿನಲ್ಲಿ ನಿಂತಿದ್ದು 3 ಗಂಟೆ. ಊಟ, ತಿಂಡಿ, ಅಂಗಡಿಗೆ 3 ಗಂಟೆ. ಉಳಿದಿದ್ದೆಷ್ಟು? ಕೇವಲ 3 ಗಂಟೆ. ಅಷ್ಟರಲ್ಲಿ ಅರಮನೆ, ಮೃಗಾಲಯ, ರೈಲ್ವೆ ವಸ್ತುಸಂಗ್ರಹಾಲಯ, ಚಾಮುಂಡಿ ಬೆಟ್ಟ ನಾಲ್ಕನ್ನೂ ನೋಡಬೇಕು. ಒಂದೊಂದಕ್ಕೆ 45 ನಿಮಿಷ. ಅದರಲ್ಲೂ ಅರ್ಧ ಹೊತ್ತು ಮೊಬೈಲಿನಲ್ಲಿ ಫೋಟೋ ತೆಗೆಯುವುದಕ್ಕೇ ಸರಿಹೋಗುತ್ತದೆ.

ಮೈಸೂರಿನ ಮೃಗಾಲಯ 1892ರಲ್ಲಿ ಆರಂಭವಾದದ್ದು. ಅಲ್ಲಿ ಜಿರಾಫೆಯ ಮುಂದೆ ಎರಡು ನಿಮಿಷ ನಿಂತವರಿಗೆ ಜಿರಾಫೆಯ ಕುತ್ತಿಗೆ ಉದ್ದ ಎಂಬುದು ಮಾತ್ರ ಕಾಣುತ್ತದೆ. ಅದು ಪುಸ್ತಕದ ಚಿತ್ರದಲ್ಲೂ ಕಾಣುತ್ತದೆ. ಅರ್ಧ ಗಂಟೆ ನಿಂತವರಿಗೆ ಅದು ಉದ್ದ ನಾಲಿಗೆ ಚಾಚಿ ಸೊಪ್ಪನ್ನು ಹೇಗೆ ಎಳೆದುಕೊಳ್ಳುತ್ತದೆ, ತಿಂದದ್ದನ್ನು ನಮ್ಮ ಹಸುವಿನಂತೆಯೇ ಮತ್ತೆ ಬಾಯಿಗೆ ತಂದುಕೊಂಡು ಹೇಗೆ ಮೆಲುಕು ಹಾಕುತ್ತದೆ ಎಂಬುದೂ ಕಾಣಬಹುದು. ಮೆಲುಕು ನುಂಗಿದಾಗ ಆ ಉದ್ದನೆಯ ಕುತ್ತಿಗೆಯಲ್ಲಿ ಉಂಡೆ ಇಳಿಯುವುದನ್ನು, ಮತ್ತೊಂದು ಉಂಡೆ ಮೇಲೇರುವುದನ್ನು ಹೊರಗಿನಿಂದಲೇ ನೋಡಬಹುದು. ಆದುದರಿಂದ ನನ್ನ ಮೊದಲ ಸಲಹೆ ಇಷ್ಟೇ. ಒಂದು ದಿನಕ್ಕೆ ಒಂದೇ ಜಾಗ ಸಾಕು.

ಜೇಬಿನಲ್ಲಿ ಒಂದು ಪ್ರಶ್ನೆ ಇರಲಿ

ಎರಡನೆಯ ಸಲಹೆ. ಮನೆ ಬಿಡುವಾಗ ಬುತ್ತಿ, ನೀರಿನ ಬಾಟಲಿಯ ಜೊತೆಗೆ ಒಂದು ಪ್ರಶ್ನೆಯನ್ನೂ ತೆಗೆದುಕೊಂಡು ಹೋಗಿ. ಕೆಲವು ಉದಾಹರಣೆ ಕೊಡುತ್ತೇನೆ.

ಕನ್ನಂಬಾಡಿ ಕಟ್ಟೆಗೆ, ಅಂದರೆ ಕೃಷ್ಣರಾಜಸಾಗರಕ್ಕೆ ಹೋಗುತ್ತೀರಿ. ಹೆಚ್ಚಿನವರು ಬೃಂದಾವನದ ಬಣ್ಣದ ಕಾರಂಜಿ ನೋಡಿ ಹಿಂದಿರುಗುತ್ತಾರೆ. ನೀವು ಈ ಪ್ರಶ್ನೆ ಇಟ್ಟುಕೊಳ್ಳಿ: ಅಣೆಕಟ್ಟೆಯ ಗೋಡೆ ಮೇಲೆ ಕಿರಿದಾಗಿ, ಕೆಳಗೆ ಅಗಲವಾಗಿ ಇರುವುದು ಏಕೆ? ಉತ್ತರವನ್ನು ಮನೆಯಲ್ಲೇ ಕಂಡುಕೊಳ್ಳಬಹುದು. ಹಳೆಯ ಪ್ಲಾಸ್ಟಿಕ್ ಬಾಟಲಿಗೆ ಮೇಲೆ, ನಡುವೆ, ಕೆಳಗೆ ಮೂರು ಸಣ್ಣ ತೂತು ಮಾಡಿ ನೀರು ತುಂಬಿ, ಎತ್ತರದ ಜಾಗದಲ್ಲಿಡಿ. ಯಾವ ತೂತಿನ ನೀರು ಹೆಚ್ಚು ರಭಸದಿಂದ ಚಿಮ್ಮುತ್ತದೆ? ಕೆಳಗಿನದು. ಆಳ ಹೆಚ್ಚಿದಂತೆ ನೀರಿನ ಒತ್ತಡ ಹೆಚ್ಚುತ್ತದೆ. ಈ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಆಗ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದರು. ಕಲ್ಲುಗಳನ್ನು ಕೂಡಿಸಲು ಬಳಸಿದ್ದು ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ. ಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ಪ್ರತಿದಿನದ ಮಟ್ಟ ಪತ್ರಿಕೆಯಲ್ಲಿ ಬರುತ್ತದೆ. ರಜೆಯ ಏಳೂ ದಿನ ಅದನ್ನು ಬರೆದುಕೊಂಡು ನಕ್ಷೆ ಎಳೆಯಿರಿ. ಇದಕ್ಕೆ ಕಟ್ಟೆಗೆ ಹೋಗಲೇಬೇಕಾಗಿಲ್ಲ ಎಂಬುದನ್ನು ಗಮನಿಸಿದಿರಾ?

ಶಿವನಸಮುದ್ರಕ್ಕೆ ಹೋಗುವವರು ಗಗನಚುಕ್ಕಿ, ಭರಚುಕ್ಕಿಗಳ ನೀರು ಬೀಳುವುದನ್ನು ನೋಡುತ್ತಾ ಕೇಳಿಕೊಳ್ಳಿ: ಇಷ್ಟು ಎತ್ತರದಿಂದ ಬೀಳುವ ನೀರಿನ ಶಕ್ತಿ ಎಲ್ಲಿಗೆ ಹೋಗುತ್ತದೆ? ಅದೇ ಶಕ್ತಿಯಿಂದ 1902ರಲ್ಲಿ ಇಲ್ಲಿ ವಿದ್ಯುತ್ ತಯಾರಾಗಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಹರಿಯಿತು. ಆ ಕಾಲಕ್ಕೆ ಅದು ಜಗತ್ತಿನಲ್ಲೇ ಬಹಳ ಉದ್ದವಾದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಬೆಳಗಿದ್ದು ಆಮೇಲೆ, 1905ರಲ್ಲಿ.

ರಂಗನತಿಟ್ಟಿನಲ್ಲಿ ಕೇಳಿಕೊಳ್ಳಿ: ಸುತ್ತಲೂ ಇಷ್ಟೊಂದು ಮರಗಳಿರುವಾಗ ಹಕ್ಕಿಗಳು ಹೊಳೆಯ ನಡುವಿನ ಸಣ್ಣ ತಿಟ್ಟುಗಳನ್ನೇ ಏಕೆ ಆರಿಸಿಕೊಂಡವು? ಸುಳಿವು ಕೊಡುತ್ತೇನೆ. ನರಿ, ಕಾಡುಬೆಕ್ಕುಗಳಿಗೆ ಮೊಟ್ಟೆ ಎಂದರೆ ಇಷ್ಟ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಈ ಜಾಗ ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ಎಲ್ಲಿಗೂ ಹೋಗದವರ ಮಾತು

ಈಗ ತಲೆ ತಗ್ಗಿಸಿ ಕುಳಿತ ಮಕ್ಕಳ ವಿಷಯಕ್ಕೆ ಬರೋಣ. ನನ್ನ ಕೆಲಸದಿಂದಾಗಿ ಜಿಲ್ಲೆಯ ಅನೇಕ ಶಾಲೆಗಳಿಗೆ ಹೋಗುತ್ತೇನೆ. ರಜೆಯಲ್ಲಿ ಏನು ಮಾಡಿದಿರಿ ಎಂದರೆ ‘ಏನೂ ಇಲ್ಲ ಸಾರ್, ಮನೇಲೇ ಇದ್ದೆ’ ಎನ್ನುವ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ. ಕೂಲಿಗೆ ಹೋಗುವ ತಾಯಿಗೆ ಒಂದು ದಿನದ ಪ್ರವಾಸವೆಂದರೆ ಒಂದು ದಿನದ ಕೂಲಿ ಇಲ್ಲ ಎಂದೇ ಅರ್ಥ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣ ಉಳಿಯಿತು, ನಿಜ. ಆದರೆ ಹೋದ ಕೂಲಿಯನ್ನು ಯಾವ ಬಸ್ಸೂ ತಂದುಕೊಡುವುದಿಲ್ಲ. ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ, ತಾಯಿಯ ತಪ್ಪೂ ಇಲ್ಲ. ಹಾಗಿದ್ದ ಮೇಲೆ ತಲೆ ತಗ್ಗಿಸುವುದು ಏಕೆ?

ಇಷ್ಟಕ್ಕೂ ‘ಪ್ರವಾಸಿ ಸ್ಥಳ’ ಎಂದರೇನು? ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನೇ ನೋಡಿ. ಅಲ್ಲಿ ಊರ ನಡುವಿನ ಹುಣಸೆ ಮರಗಳಲ್ಲಿ, ಮನೆಗಳ ಪಕ್ಕದಲ್ಲೇ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಊರಿನವರು ಅವುಗಳನ್ನು ನೋಡಿಕೊಂಡು ಬಂದಿದ್ದಾರೆ. ಮರದ ಕೆಳಗೆ ಬೀಳುವ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. 2007ರಲ್ಲಿ ಇದನ್ನು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ದೂರದೂರದಿಂದ ಜನ ಕ್ಯಾಮರಾ ಹಿಡಿದು ಬರುತ್ತಾರೆ. ಆದರೆ ಆ ಊರಿನ ಹುಡುಗಿಗೆ ಅದು ಪ್ರವಾಸಿ ಸ್ಥಳವಲ್ಲ, ಬರೀ ಮನೆ. ಬೇಸಿಗೆ ರಜೆಯಲ್ಲಿ ಅವಳು ಎಲ್ಲಿಗೂ ಹೋಗದೆ ಮನೆಯಲ್ಲೇ ಇದ್ದರೂ, ಒಂದು ಗಂಟೆಗೆ ಬಂದು ಹೋಗುವ ಪ್ರವಾಸಿಗಿಂತ ಹೆಚ್ಚು ನೋಡಿರುತ್ತಾಳೆ. ಮರಿಗೆ ರೆಕ್ಕೆ ಬಲಿಯಲು ಎಷ್ಟು ದಿನ ಬೇಕು? ತಾಯಿ ಹಕ್ಕಿ ದಿನಕ್ಕೆ ಎಷ್ಟು ಸಲ ಆಹಾರ ತರುತ್ತದೆ? ಇದನ್ನೆಲ್ಲ ಅಂಗಳದಲ್ಲಿ ನಿಂತೇ ಎಣಿಸಬಲ್ಲವಳು ಅವಳೇ ಅಲ್ಲವೇ?

ನಿಮ್ಮ ಊರಿನಲ್ಲಿ ಏನಿದೆ?

ನಮ್ಮೂರಲ್ಲಿ ಅಂಥದ್ದೇನೂ ಇಲ್ಲ ಎನ್ನಬೇಡಿ. ಮಂಡ್ಯ ಜಿಲ್ಲೆಯಲ್ಲಿ ಕಬ್ಬು ಬೆಳೆಯುವ ಕಡೆಯೆಲ್ಲ ಆಲೆಮನೆಗಳಿವೆ. ದೊಡ್ಡವರೊಬ್ಬರ ಜೊತೆ ಹೋಗಿ, ಕೊಪ್ಪರಿಗೆಯಿಂದ ದೂರ ನಿಂತು ಒಂದು ಪಾಕ ಇಳಿಯುವ ತನಕ ನೋಡಿ. ಹಾಲಿಗೆ ಸುಣ್ಣದ ನೀರು ಬೆರೆಸುವುದು ಏಕೆ? ಮೇಲೆ ತೇಲಿ ಬರುವ ಮಡ್ಡಿ ಏನು? ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಎಂದು ಓದಿದ್ದೀರಿ. ಬೆಲ್ಲದ ಪಾಕ ಇಳಿಸುವಾಗ ಅದು ಸುಮಾರು 115ರಿಂದ 118 ಡಿಗ್ರಿಯಷ್ಟು ಬಿಸಿಯಾಗಿರುತ್ತದೆ. ಸಕ್ಕರೆ ಅಂಶ ಗಟ್ಟಿಯಾದಂತೆಲ್ಲ ಕುದಿಯುವ ಬಿಂದು ಮೇಲೇರುತ್ತದೆ. ಬೆಲ್ಲ ಮಾಡುವವರು ಥರ್ಮಾಮೀಟರ್ ಇಲ್ಲದೆ ಹದ ಹೇಗೆ ತಿಳಿಯುತ್ತಾರೆ ಎಂದು ಅವರನ್ನೇ ಕೇಳಿ. ನಿಮಗೆ ಒಬ್ಬ ಒಳ್ಳೆಯ ವಿಜ್ಞಾನ ಗುರು ಸಿಕ್ಕ ಹಾಗಾಯಿತು.

ಮನೆಯಲ್ಲೋ ಪಕ್ಕದ ಮನೆಯಲ್ಲೋ ರೇಷ್ಮೆ ಸಾಕುತ್ತಿದ್ದರೆ ಇನ್ನೂ ಒಳ್ಳೆಯದು. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ರೈತರು ಅದನ್ನು ಜ್ವರ ಎನ್ನುತ್ತಾರೆ. ಹುಳು ಇನ್ನೂ ಚಿಕ್ಕದಿದ್ದರೆ ರಜೆಯ ಒಂದು ವಾರದಲ್ಲಿ ಒಂದು ಜ್ವರವನ್ನಾದರೂ ನೋಡಬಹುದು. ದಿನವೂ ಹುಳುವಿನ ಉದ್ದ ಅಳೆದು ಬರೆದಿಡಿ.

ಇನ್ನು ಕೆರೆ. ಅಕ್ಟೋಬರ್ ತಿಂಗಳಲ್ಲಿ ಕೆರೆ, ಕಾಲುವೆಗಳ ಅಂಚಿನಲ್ಲಿ ಬಾಲ ಕುಣಿಸುತ್ತಾ ಓಡಾಡುವ ಹಳದಿ ಹೊಟ್ಟೆಯ ಬೂದು ಸಿಪಿಲೆ ಕಾಣಬಹುದು. ಅದರ ತೂಕ 20 ಗ್ರಾಂ ಆಸುಪಾಸು, ಅಷ್ಟೆ. ಅದು ಬಂದದ್ದು ಹಿಮಾಲಯದಿಂದ ಅಥವಾ ಅದರಾಚೆಯ ನಾಡುಗಳಿಂದ. ಪಕ್ಕದ ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಮಂಗೋಲಿಯಾದಷ್ಟು ದೂರದಿಂದ ಹಿಮಾಲಯ ದಾಟಿ ಬರುತ್ತವೆ. ನೀವು ದೂರ ಹೋಗದಿದ್ದರೇನಾಯಿತು? ದೂರದವರು ನಿಮ್ಮ ಕಡೆಗೇ ಬಂದಿದ್ದಾರೆ. ಬೆಳಿಗ್ಗೆ ಆರೂವರೆಯಿಂದ ಏಳೂವರೆವರೆಗೆ ಕೆರೆ ಏರಿಯ ಮೇಲೆ ಅಮ್ಮನೊಡನೆಯೋ ತಾತನೊಡನೆಯೋ ಕುಳಿತುಕೊಳ್ಳಿ. ಅದಕ್ಕೆ ಕೂಲಿ ಕಳೆದುಕೊಳ್ಳಬೇಕಾಗಿಲ್ಲ. ಅದೂ ಒಂದು ಪ್ರವಾಸವೇ.

ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಕೆಲಸ. 1 ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳು ಅಳೆಯಿರಿ. ಅದೇ ಹೊತ್ತಿಗೆ ತೆಂಗಿನ ಮರದ ನೆರಳನ್ನೂ ಅಳೆಯಿರಿ. ಕೋಲಿನ ನೆರಳು 50 ಸೆಂಟಿಮೀಟರ್, ಮರದ ನೆರಳು 6 ಮೀಟರ್ ಇದ್ದರೆ ಮರದ ಎತ್ತರ 12 ಮೀಟರ್. ಮರ ಹತ್ತದೆಯೇ ಎತ್ತರ ತಿಳಿಯಿತು!

ಹಾಗಾದರೆ ದೂರ ಹೋಗಲೇಬಾರದೇ?

ಹೋಗಬಾರದು ಎಂದು ನಾನು ಹೇಳುತ್ತಿಲ್ಲ. ಸಮುದ್ರ ನೋಡದವರಿಗೆ ಕೆರೆ ತೋರಿಸಿ ಇದೇ ಸಮುದ್ರ ಎನ್ನಲಾಗುವುದಿಲ್ಲ. ಅಲೆಯ ಸದ್ದು, ಉಪ್ಪು ಗಾಳಿ, ಉಬ್ಬರವಿಳಿತ ಇವನ್ನು ಕಡಲ ತೀರದಲ್ಲೇ ಅನುಭವಿಸಬೇಕು. ಪ್ರತಿಯೊಂದು ಮಗುವೂ ಒಮ್ಮೆಯಾದರೂ ಸಮುದ್ರ, ಒಮ್ಮೆಯಾದರೂ ದಟ್ಟ ಕಾಡು ನೋಡಬೇಕು ಎಂಬುದು ನನ್ನ ಆಸೆ. ಬಡತನದ ಕಾರಣದಿಂದ ಯಾವ ಮಗುವಿಗೂ ಅದು ತಪ್ಪಬಾರದು. ಅದಕ್ಕಾಗಿ ಶಾಲೆ, ಊರಿನ ಹಿರಿಯರು, ಸರ್ಕಾರ ಎಲ್ಲರೂ ಕೈ ಜೋಡಿಸಬೇಕು. ಆದರೆ ಹತ್ತಿರದ್ದನ್ನು ನೋಡಿ ಅಭ್ಯಾಸವಿಲ್ಲದ ಕಣ್ಣಿಗೆ ದೂರದ್ದೂ ಸರಿಯಾಗಿ ಕಾಣುವುದಿಲ್ಲ. ಊರ ಕೆರೆಯಲ್ಲಿ ನೀರಿನ ಮಟ್ಟ ಗಮನಿಸಿದ ಹುಡುಗನೇ ಸಮುದ್ರ ತೀರದಲ್ಲಿ ‘ಬೆಳಿಗ್ಗೆ ಅಲ್ಲಿದ್ದ ನೀರು ಈಗ ಇಲ್ಲಿಗೆ ಹೇಗೆ ಬಂತು?’ ಎಂದು ಕೇಳುತ್ತಾನೆ.

ಎಲ್ಲಿಗೇ ಹೋಗಿ, ಕೆಲವು ಎಚ್ಚರಿಕೆಗಳನ್ನು ಮರೆಯಬೇಡಿ. ಜಲಪಾತದ ಬಂಡೆಗಳು ಪಾಚಿಯಿಂದ ಜಾರುತ್ತವೆ. ನಾಲೆಯ ನೀರು ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತವಿರುತ್ತದೆ. ಫೋಟೋಗಾಗಿ ಅಂಚಿಗೆ ಹೋಗಬೇಡಿ. ರಂಗನತಿಟ್ಟಿನ ಹೊಳೆಯಲ್ಲಿ ಮೊಸಳೆಗಳಿವೆ. ದೋಣಿಯಿಂದ ಕೈ ಹೊರಗೆ ಚಾಚಬೇಡಿ. ಗೂಡು ಮುಟ್ಟಬೇಡಿ, ಕೂಗಾಡಬೇಡಿ. ತಿಂಡಿಯ ಪೊಟ್ಟಣವನ್ನು ಚೀಲದಲ್ಲೇ ವಾಪಸು ತನ್ನಿ.

ಕೊನೆಯದಾಗಿ ನಿಮ್ಮಲ್ಲಿ ಒಂದು ಕೋರಿಕೆ. ರಜೆಯ ಏಳು ದಿನಕ್ಕೆ ನೋಟ್‌ಪುಸ್ತಕದ ಏಳು ಪುಟ ಮೀಸಲಿಡಿ. ದಿನಕ್ಕೆ ಒಂದು ಪುಟ. ದಿನಾಂಕ, ಸಮಯ, ನೋಡಿದ್ದು, ಅಳೆದದ್ದು ಅಥವಾ ಎಣಿಸಿದ್ದು, ಉತ್ತರ ಸಿಗದ ಒಂದು ಪ್ರಶ್ನೆ, ಇಷ್ಟು ಬರೆದರೆ ಸಾಕು. ಶಾಲೆ ತೆರೆದ ದಿನ ಆ ಪುಸ್ತಕ ಹಿಡಿದು ಹೋಗಿ. ಶಿಕ್ಷಕ ಮಿತ್ರರಲ್ಲೂ ನನ್ನ ವಿನಂತಿ ಇದೇ. ಆ ದಿನ ಊರುಗಳ ಹೆಸರು ಕೇಳಬೇಡಿ, ಆ ಪುಟಗಳನ್ನು ಓದಿಸಿ. ಆಗ ಮೈಸೂರಿಗೆ ಹೋಗಿ ಬಂದವನೂ ಆಲೆಮನೆಯ ಮುಂದೆ ಕುಳಿತವಳೂ ಒಂದೇ ಬೆಂಚಿನ ಮೇಲೆ ಸರಿಸಮವಾಗಿ ಎದ್ದು ನಿಂತು ಮಾತನಾಡುತ್ತಾರೆ.