ಟೊಳ್ಳು ಯಾರು, ಗಟ್ಟಿ ಯಾರು?

ನಮ್ಮೂರಿನ ಹೈಸ್ಕೂಲೊಂದರ ಮಕ್ಕಳು ವಾರ್ಷಿಕೋತ್ಸವಕ್ಕೆ ಕೈಲಾಸಂ ಅವರ ‘ಟೊಳ್ಳುಗಟ್ಟಿ’ ಆಡಲು ಹೊರಟಿದ್ದರು. ಹದಿನೈದು ದಿನ ಪ್ರಾಕ್ಟೀಸೂ ಆಗಿತ್ತು. ಈಗ ಕೆಲವು ಪೋಷಕರದು ತಕರಾರು: ‘ಹತ್ತನೇ ಕ್ಲಾಸಿನ ಹುಡುಗರಿಗೆ ನಾಟಕ ಯಾಕ್ರೀ? ಮಾರ್ಕ್ಸ್ ಹೋದ್ರೆ ಯಾರು ತಂದ್ಕೊಡ್ತಾರೆ?’

ತಮಾಷೆ ನೋಡಿ, ಆ ನಾಟಕ ಇರುವುದೇ ಈ ಮಾತಿನ ಮೇಲೆ! ಒಬ್ಬ ಮಗ ಪರೀಕ್ಷೆಯಲ್ಲಿ ಹುಲಿ. ಇನ್ನೊಬ್ಬ ಪುಸ್ತಕದಲ್ಲಿ ಹಿಂದೆ, ಮನೆಗೆಲಸಕ್ಕೆ ಮುಂದೆ. ಅಪ್ಪನ ಕಣ್ಣಿಗೆ ಮೊದಲನೆಯವನೇ ಬಂಗಾರ. ಮನೆಗೆ ಆಪತ್ತು ಬಂದಾಗ ಟೊಳ್ಳು ಯಾವುದು, ಗಟ್ಟಿ ಯಾವುದು ಗೊತ್ತಾಗುತ್ತದೆ.

ಇದನ್ನು ಬರೆದವರು ಓದು ತಲೆಗೆ ಹತ್ತದವರೇನಲ್ಲ. ಲಂಡನ್ನಿಗೆ ಹೋಗಿ ಭೂವಿಜ್ಞಾನ ಕಲಿತವರು, 1945ರಲ್ಲಿ ಮದರಾಸಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು. ಅವರ ಪಾತ್ರಗಳ ಇಂಗ್ಲಿಷ್ ಬೆರೆತ ಕನ್ನಡ ಇವತ್ತು ಸಿಟಿ ಬಸ್ಸಿನಲ್ಲೂ ಕೇಳುತ್ತದೆ. ಖರ್ಚೂ ಕಡಿಮೆ, ಒಂದು ಪಡಸಾಲೆ, ನಾಲ್ಕು ಕುರ್ಚಿ ಸಾಕು.

ರಿಹರ್ಸಲ್ ನಡೆಯುವುದು ಶಾಲೆ ಬಿಟ್ಟ ಮೇಲೆ, ಒಂದೇ ಗಂಟೆ. ಹಿಂದಿನ ಬೆಂಚಿನ ಹುಡುಗನೊಬ್ಬನಿಗೆ ಆ ‘ದಡ್ಡ’ ಮಗನ ಪಾರ್ಟು ಸಿಕ್ಕಿದೆಯಂತೆ. ಮೊದಲ ಸಲ ಮೇಷ್ಟ್ರು ಅವನಿಗೆ ಭೇಷ್ ಅಂದರಂತೆ. ಪಿಯುಸಿ ಅರ್ಧಕ್ಕೇ ಬಿಟ್ಟ ಈ ವರದಿಗಾರನಿಗೆ ಆ ಒಂದು ಮಾತಿನ ಬೆಲೆ ಗೊತ್ತು. ಅದನ್ನು ಕಿತ್ತುಕೊಳ್ಳಬೇಡಿ.

ಹೆಡ್‌ಮಾಸ್ಟರು ಮನಸ್ಸು ಗಟ್ಟಿ ಮಾಡಲಿ. ಅಂಗಡಿ ಯಜಮಾನರು ಅವತ್ತೊಂದು ಸಂಜೆ ಬೇಗ ಬಾಗಿಲು ಹಾಕಿ ಬರಲಿ. ತಕರಾರು ತೆಗೆದ ಪೋಷಕರಿಗೆ ಮುಂದಿನ ಸಾಲೇ ಇರಲಿ!