ಒಂದು ಸಾಲಿಗಾಗಿ ಹೋರಾಡಿದ ಹೆಣ್ಣು

"ಪಂಚಾಯಿತಿ ಮೆಂಬರಾಗಿ ಹೆಂಗಸರು ಏನು ಕಡಿದು ಹಾಕೋದಿದೆ? ಚರಂಡಿ, ಬೀದಿದೀಪ ಅಷ್ಟೇ ತಾನೇ?" ಸಂಘದ ಸಭೆಗಳಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಜರ್ಮನಿಯ ಎಲಿಸಬೆತ್ ಸೆಲ್ಬರ್ಟ್ ನೆನಪಾಗುತ್ತಾಳೆ.

ಕಾಸೆಲ್ ನಗರದ ಪಕ್ಕದಲ್ಲಿ ನೀಡರ್‌ಟ್ಸ್‌ವೇರೆನ್ ಎಂಬ ಸಣ್ಣ ಊರಿತ್ತು. 1919ರಲ್ಲಿ ಜರ್ಮನಿಯ ಹೆಂಗಸರು ಮೊದಲ ಸಲ ಮತ ಹಾಕಿದರು. ಅದೇ ವರ್ಷ ಎಲಿಸಬೆತ್ ಆ ಊರಿನ ಸ್ಥಳೀಯ ಸಭೆಗೆ ಆರಿಸಿ ಬಂದಳು. ಅಂಚೆ ಇಲಾಖೆಯಲ್ಲಿ ಗುಮಾಸ್ತಿಕೆ ಮಾಡಿದ್ದ, ಬಡತನದಿಂದ ಓದು ಅರ್ಧಕ್ಕೇ ನಿಲ್ಲಿಸಿದ್ದ ಹುಡುಗಿ ಆಕೆ. ರಾಜಕೀಯ ಮಾಡಬೇಕಾದರೆ ಕಾನೂನು ತಿಳಿದಿರಬೇಕು ಎಂದು ಕಂಡುಕೊಂಡಳು. ಎರಡು ಮಕ್ಕಳ ತಾಯಿಯಾದ ಮೇಲೆ, 1926ರಲ್ಲಿ ಖಾಸಗಿಯಾಗಿ ಪರೀಕ್ಷೆ ಕಟ್ಟಿದಳು. 1930ರಲ್ಲಿ ಕಾನೂನಿನಲ್ಲಿ ಡಾಕ್ಟರೇಟ್ ಪಡೆದಳು. ಮುರಿದುಬಿದ್ದ ಮದುವೆಯಿಂದ ಹೊರಬರಲು ಯಾರ ತಪ್ಪು ಎಂದು ಸಾಬೀತು ಮಾಡುವ ಅಗತ್ಯ ಇರಬಾರದು ಎಂಬುದು ಆಕೆಯ ವಾದ.

1933ರಲ್ಲಿ ನಾಜಿಗಳು ಬಂದರು. ಗಂಡ ಆಡಮ್‌ನ ಕೆಲಸ ಹೋಯಿತು, ಸೆರೆವಾಸವೂ ಆಯಿತು. ಹೆಂಗಸರಿಗೆ ವಕೀಲಿಯ ಬಾಗಿಲು ಮುಚ್ಚುವ ಮುಂಚೆ, 1934ರಲ್ಲಿ ಆಕೆ ಸನ್ನದು ಪಡೆದಳು. ಆ ದುಡಿಮೆಯಿಂದಲೇ ಸಂಸಾರ ಸಾಕಿದಳು.

1948ರಲ್ಲಿ ಹೊಸ ಸಂವಿಧಾನ ಬರೆಯಲು ಬಾನ್ ನಗರದಲ್ಲಿ ಕುಳಿತವರು 65 ಜನ. ಅವರಲ್ಲಿ ಹೆಂಗಸರು ನಾಲ್ಕೇ. ಹಳೆಯ ಸಂವಿಧಾನ ಸಮಾನತೆ ಕೊಟ್ಟದ್ದು ಮತಗಟ್ಟೆಯಲ್ಲಿ, ಮನೆಯೊಳಗಲ್ಲ. ಕಾನೂನಿನ ಪ್ರಕಾರ ಸಂಸಾರದ ತೀರ್ಮಾನಗಳೆಲ್ಲ ಗಂಡನವು. ಹೆಂಡತಿ ತಂದ ಆಸ್ತಿಯ ಆಡಳಿತವೂ ಅವನದೇ. "ಗಂಡಸರಿಗೂ ಹೆಂಗಸರಿಗೂ ಸಮಾನ ಹಕ್ಕು" ಎಂಬ ಒಂದು ಸಾಲು ಸೇರಿಸಿ ಎಂದು ಎಲಿಸಬೆತ್ ಪಟ್ಟು ಹಿಡಿದಳು. ಕುಟುಂಬ ಕಾನೂನೇ ಗೊಂದಲವಾಗುತ್ತದೆ ಎಂದು ಹೆದರಿ, ಡಿಸೆಂಬರ್ 3ರಂದು ಮುಖ್ಯ ಸಮಿತಿ ಅದನ್ನು ತಳ್ಳಿಹಾಕಿತು.

ಆಕೆ ಸುಮ್ಮನೆ ಕೂರಲಿಲ್ಲ. ಊರೂರು ಸುತ್ತಿ ಹೆಂಗಸರ ಮುಂದೆ ಮಾತಾಡಿದಳು. ಮಹಿಳಾ ಸಂಘಟನೆಗಳಿಂದ, ಕಾರ್ಮಿಕ ಹೆಂಗಸರಿಂದ ಪ್ರತಿಭಟನೆಯ ಪತ್ರಗಳು ರಾಶಿರಾಶಿಯಾಗಿ ಬಾನ್‌ಗೆ ಬಂದವು. 1949ರ ಜನವರಿ 18ರಂದು ಅದೇ ಸಮಿತಿ ಆ ಸಾಲನ್ನು ಒಪ್ಪಿತು!

ಆದರೆ ಸಾಲು ಬರೆದ ಮಾತ್ರಕ್ಕೆ ಮನೆ ಬದಲಾಗಲಿಲ್ಲ. ಹಳೆಯ ಕಾನೂನುಗಳನ್ನು ತಿದ್ದಲು 1953ರ ಮಾರ್ಚ್ 31ರ ಗಡುವಿತ್ತು. ಸಂಸತ್ತು ಅದನ್ನು ಮೀರಿತು. ತಿದ್ದುಪಡಿ ಕಾಯ್ದೆ ಬಂದದ್ದು 1957ರಲ್ಲಿ. ಅದರಲ್ಲೂ ಮಕ್ಕಳ ವಿಷಯದಲ್ಲಿ ಅಪ್ಪನದೇ ಕೊನೆಯ ಮಾತು ಎಂದು ಉಳಿಸಿಕೊಂಡರು. 1959ರಲ್ಲಿ ಸಂವಿಧಾನ ನ್ಯಾಯಾಲಯ ಅದನ್ನು ರದ್ದು ಮಾಡಬೇಕಾಯಿತು. ತಪ್ಪು ಹೊರಿಸದೆ ವಿಚ್ಛೇದನ ಎಂಬ ಆಕೆಯ ವಾದ ಕಾನೂನಾಗುವ ಹೊತ್ತಿಗೆ 1977 ಆಗಿತ್ತು. ರಾಷ್ಟ್ರದ ಸಂಸತ್ತಿನಲ್ಲಿ ಆಕೆಗೆ ಜಾಗ ಸಿಗಲೇ ಇಲ್ಲ. 1958ರವರೆಗೆ ಹೆಸ್ಸೆ ರಾಜ್ಯದ ಶಾಸಕಿಯಾಗಿದ್ದು, ಕಾಸೆಲ್‌ನಲ್ಲೇ ಕುಟುಂಬ ವ್ಯಾಜ್ಯಗಳ ವಕೀಲಿ ಮಾಡಿದಳು. ತೀರಿಕೊಂಡದ್ದು 1986ರಲ್ಲಿ.

ಗೆಳತಿಯರೇ, ನಮ್ಮಲ್ಲೂ ವರದಕ್ಷಿಣೆ ನಿಷೇಧ ಕಾಯ್ದೆ 1961ರಿಂದ ಇದೆ. ಅದು ಪುಸ್ತಕದಲ್ಲಿದೆ, ಮದುವೆ ಮಾತುಕತೆಯಲ್ಲಿ ಇಲ್ಲ. ಹಾಗಾದರೆ ಅದನ್ನು ಮನೆಯೊಳಗೆ ತರುವವರು ಯಾರು? ನಾವೇ. ಪಂಚಾಯಿತಿಯ ಕುರ್ಚಿ ಸಿಕ್ಕರೆ ಅದನ್ನು ಗಂಡನಿಗೆ ಬಿಟ್ಟುಕೊಡಬೇಡಿ. ಕಾನೂನು ಗೊತ್ತಿಲ್ಲ ಎಂದು ಹಿಂಜರಿಯಬೇಡಿ, ಕಲಿಯಿರಿ. ಹೊಡೆತ ತಿಂದವಳ ಪರವಾಗಿ ಸಂಘದ ಹತ್ತು ಹೆಬ್ಬೆಟ್ಟು ಒತ್ತಿದ ಅರ್ಜಿಯೂ ಸಣ್ಣದಲ್ಲ. ಬಾನ್‌ನ ಬಾಗಿಲು ತೆರೆಸಿದ್ದೂ ಹೆಂಗಸರು ಬರೆದ ಕಾಗದಗಳೇ.