ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವನಿಗೆ ಭೌತವಿಜ್ಞಾನದ ಒಂದು ಮಾತು

ಸ್ವಯಂಚಾಲಿತ ಗೇರುಪೆಟ್ಟಿಗೆಯುಳ್ಳ ಸ್ಪೋರ್ಟ್ಸ್ ಕಾರನ್ನು ಕುರಿತು ಎರಡು ಪಂಗಡಗಳ ವಾದ ಬಹುಕಾಲದಿಂದ ನಡೆದುಬಂದಿದೆ. ಗೇರು ಬದಲಾಯಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಮೇಲೆ ಅದು ಸ್ಪೋರ್ಟ್ಸ್ ಕಾರೇ ಅಲ್ಲವೆಂದು ಒಂದು ಪಂಗಡ. ಮನುಷ್ಯನ ಕೈಗಿಂತ ಯಂತ್ರವೇ ಚುರುಕೆಂದು ಇನ್ನೊಂದು. ಹೊಸ ಕಾರು ಕೊಳ್ಳುವವರು ಈ ವಾದದಲ್ಲಿ ತೊಡಗಲಿ. ಹತ್ತಿಪ್ಪತ್ತು ವರ್ಷ ಓಡಿದ ಕಾರನ್ನು ಕೊಳ್ಳುವವನಿಗೆ ಈ ಇಬ್ಬರ ಮಾತೂ ನೆರವಾಗದೆಂಬುದು ನನ್ನ ಅಭಿಪ್ರಾಯ. ಅವನು ವಿಚಾರಿಸಬೇಕಾದುದು ವೇಗವನ್ನಲ್ಲ, ಶಾಖವನ್ನು.

ಜರ್ಮನಿಯ ಪೋರ್ಷೆ ಸಂಸ್ಥೆಯ ಕಾರುಗಳನ್ನೇ ನೋಡೋಣ. 1996ರಲ್ಲಿ ಬಂದ ಬಾಕ್ಸ್‌ಟರ್ ಕಾರು ನಿಂತಲ್ಲಿಂದ ಹೊರಟು ಗಂಟೆಗೆ 100 ಕಿಲೋಮೀಟರು ವೇಗವನ್ನು ಮುಟ್ಟಲು ಕೈಗೇರಿನಲ್ಲಿ 6.9 ಸೆಕೆಂಡುಗಳೂ ‘ಟಿಪ್‌ಟ್ರಾನಿಕ್’ ಎಂಬ ಸ್ವಯಂಚಾಲಿತ ಗೇರಿನಲ್ಲಿ 7.6 ಸೆಕೆಂಡುಗಳೂ ಹಿಡಿಯುತ್ತಿದ್ದವು. 2008ರ 911 ಕರೇರಾ ಕಾರಿನಲ್ಲಿ ಲೆಕ್ಕ ತಿರುಗಿತು: ಕೈಗೇರಿಗೆ 4.9 ಸೆಕೆಂಡು, ‘ಪಿಡಿಕೆ’ ಎಂಬ ಸ್ವಯಂಚಾಲಿತಕ್ಕೆ 4.7.

ಈ ವ್ಯತ್ಯಾಸಕ್ಕೆ ಕಾರಣವೇನು? ಒಂದೇ ಹೆಸರಿನಿಂದ ಕರೆಯುವ ಇವೆರಡೂ ಬೇರೆ ಬೇರೆ ಯಂತ್ರಗಳು. ಟಿಪ್‌ಟ್ರಾನಿಕ್‌ನಲ್ಲಿ ಎಂಜಿನಿಗೂ ಗೇರುಗಳಿಗೂ ನಡುವೆ ಇರುವುದು ಟಾರ್ಕ್ ಕನ್ವರ್ಟರ್. ಅದರಲ್ಲಿ ಎಂಜಿನಿಗೆ ಸೇರಿದ ಚಕ್ರ ಎಣ್ಣೆಯನ್ನು ಎರಚುತ್ತದೆ. ಆ ಎಣ್ಣೆಯ ರಭಸಕ್ಕೆ ಎದುರಿನ ಚಕ್ರ ತಿರುಗುತ್ತದೆ. ಎರಡರ ವೇಗಗಳಲ್ಲಿ ಅಂತರವಿರುವಷ್ಟು ಕಾಲವೂ ಶಕ್ತಿಯ ಒಂದು ಪಾಲು ಎಣ್ಣೆಯನ್ನು ಕಾಯಿಸುವುದರಲ್ಲಿ ವ್ಯಯವಾಗುತ್ತದೆ. ಪಿಡಿಕೆಯಲ್ಲಾದರೋ ಎರಡು ಕ್ಲಚ್ಚುಗಳಿವೆ. 1, 3, 5, 7ನೆಯ ಗೇರುಗಳು ಒಂದಕ್ಕೆ, 2, 4, 6ನೆಯವು ಮತ್ತೊಂದಕ್ಕೆ ಸೇರಿವೆ. ಒಂದು ಕೆಲಸಮಾಡುತ್ತಿರುವಾಗಲೇ ಮುಂದಿನ ಗೇರು ಸಿದ್ಧವಾಗಿ ಕಾದಿರುತ್ತದೆ.

ಹಾಗೆಂದು ಪಿಡಿಕೆಗೆ ಶಾಖದ ಬಾಧೆಯಿಲ್ಲವೆನ್ನಲಾಗದು. ಕಾರು ನಿಂತಲ್ಲಿಂದ ಹೊರಡುವಾಗ ಕ್ಲಚ್ಚು ಜಾರಲೇಬೇಕು. ಎಂಜಿನಿನ ವೇಗ ಆಗ ಸ್ಥಿರವಾಗಿದೆಯೆಂದು ಭಾವಿಸಿದರೆ, ಕಾರು ಪಡೆದ ಚಲನಶಕ್ತಿಯಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಶಾಖವಾಗುತ್ತದೆ. 1500 ಕಿಲೋಗ್ರಾಂ ತೂಗುವ ಕಾರು ಸೆಕೆಂಡಿಗೆ 4 ಮೀಟರು ವೇಗವನ್ನು ಪಡೆಯುವಾಗ ಈ ಶಾಖ 12,000 ಜೂಲ್. ನೂರು ಬಾರಿ ನಿಂತು ಹೊರಟರೆ ಹುಟ್ಟುವ ಶಾಖವು ಮೂರೂವರೆ ಲೀಟರು ತಣ್ಣೀರನ್ನು ಕುದಿಯಿಸಲು ಸಾಕು! ಈ ಶಾಖವನ್ನೂ ಹೊತ್ತೊಯ್ಯಬೇಕಾದುದು ಎಣ್ಣೆಯೇ.

ಎಣ್ಣೆಯ ಉತ್ಕರ್ಷಣವು ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಸ್ಥೂಲವಾಗಿ ಇಮ್ಮಡಿಯಾಗುತ್ತದೆ. 90 ಡಿಗ್ರಿಯಲ್ಲಿರಬೇಕಾದ ಎಣ್ಣೆ 110 ಡಿಗ್ರಿಯಲ್ಲಿ ದುಡಿದರೆ ನಾಲ್ಕು ಪಟ್ಟು ಬೇಗ ಕೆಡುತ್ತದೆಯೆಂದಾಯಿತು. ಕೆಟ್ಟ ಎಣ್ಣೆ ಕವಾಟಗಳನ್ನು ಅಂಟಿಸಿ ಕ್ಲಚ್ಚುಗಳನ್ನು ಸವೆಯಿಸುತ್ತದೆ.

ಶಾಖವು ಸಾಗಿಬಂದ ಹಾದಿಯನ್ನು ಅವಲಂಬಿಸಿದೆಯೆಂದು ಉಷ್ಣಗತಿವಿಜ್ಞಾನದಲ್ಲಿ ನೀವು ಓದಿದ್ದೀರಿ. ಕಾರಿನ ಮೀಟರು ಹೇಳುವುದು ದೂರವನ್ನು ಮಾತ್ರ, ಹಾದಿಯನ್ನಲ್ಲ. ಹೆದ್ದಾರಿಯಲ್ಲಿ 1,00,000 ಕಿಲೋಮೀಟರು ಓಡಿದ ಗೇರುಪೆಟ್ಟಿಗೆಯು, ನಗರದ ದಟ್ಟಣೆಯಲ್ಲಿ ನಿಂತು ನಿಂತು 50,000 ಓಡಿದುದಕ್ಕಿಂತ ಆರೋಗ್ಯವಾಗಿರಬಹುದು.

ಆದುದರಿಂದ ಮಾರುವವನನ್ನು ಮೊದಲು ಕೇಳಬೇಕಾದುದು ಗೇರುಪೆಟ್ಟಿಗೆಯ ಎಣ್ಣೆ ಬದಲಾಯಿಸಿದ ದಾಖಲೆಯನ್ನು. “ಇದು ಜೀವಾವಧಿ ಎಣ್ಣೆ, ಬದಲಾಯಿಸಬೇಕಾಗಿಲ್ಲ” ಎಂಬ ಉತ್ತರ ಬರುವುದುಂಟು. ಯಾರ ಜೀವಾವಧಿ? ಮೊದಲ ಒಡೆಯನದೆ, ಕಾರಿನದೆ? ಮೇಲೆ ಹೇಳಿದ ಎರಡು ಪೆಟ್ಟಿಗೆಗಳನ್ನೂ ತಯಾರಿಸಿದ ಜಡ್‌ಎಫ್ ಸಂಸ್ಥೆಯೇ ತನ್ನ ಸ್ವಯಂಚಾಲಿತ ಪೆಟ್ಟಿಗೆಗಳ ಎಣ್ಣೆಯನ್ನು 80,000ದಿಂದ 1,20,000 ಕಿಲೋಮೀಟರುಗಳೊಳಗೆ, ತಪ್ಪಿದರೆ ಎಂಟು ವರ್ಷಗಳೊಳಗೆ ಬದಲಾಯಿಸಬೇಕೆಂದು ಸಲಹೆಮಾಡುತ್ತದೆ.

ಎರಡನೆಯದು ಪರೀಕ್ಷೆ. ಕಾರನ್ನು ಮುಂಚಿತವಾಗಿ ಓಡಿಸಿ ಬಿಸಿಮಾಡಿರಬಾರದು. ತಣ್ಣಗಿರುವಾಗ ಗೇರು ಹಾಕಿ ನೋಡಬೇಕು; ಅರ್ಧ ಗಂಟೆ ಓಡಿಸಿದ ಮೇಲೆ ಮತ್ತೆ ನೋಡಬೇಕು. ಗೇರು ತಡವಾಗಿ ಹಿಡಿದರೆ, ಕಾರು ಕುಲುಕಿದರೆ, ವೇಗ ಏರದೆ ಎಂಜಿನು ಮಾತ್ರ ಮೊರೆದರೆ, ಎಷ್ಟೇ ಅಗ್ಗವಾಗಿದ್ದರೂ ಹಿಂದಿರುಗುವುದು ಲೇಸು. ಅಂತಹ ಗೇರುಪೆಟ್ಟಿಗೆಯ ದುರಸ್ತಿ ಉಳಿತಾಯವನ್ನೆಲ್ಲ ನುಂಗಿಬಿಡಬಲ್ಲದು.

ಸೆಕೆಂಡಿನ ಏಳು ದಶಾಂಶ ನಿಧಾನವಾದರೂ ದಾಖಲೆಯುಳ್ಳ ಟಿಪ್‌ಟ್ರಾನಿಕ್ ಕಾರನ್ನೇ, ದಾಖಲೆಯಿಲ್ಲದ ಪಿಡಿಕೆಗಿಂತ ಮೇಲೆಂದು ನಾನು ಎಣಿಸುತ್ತೇನೆ. ವೇಗದ ಪಟ್ಟಿ ಒಂದು ಮಾದರಿಯ ಹೊಸ ಕಾರನ್ನು ಅಳೆದು ಬರೆದದ್ದು. ಕೊಳ್ಳುವವನ ಮನೆಗೆ ಬರುವುದು ಮಾದರಿಯಲ್ಲ, ತನ್ನದೇ ಚರಿತ್ರೆಯುಳ್ಳ ಒಂದು ಯಂತ್ರ. ನಾಳೆ ನೀವು ಕೊಳ್ಳುವುದು ಹಳೆಯ ಸ್ಕೂಟರೇ ಆಗಲಿ, ಆ ಚರಿತ್ರೆಯನ್ನು ಕೇಳಿ ಕೊಳ್ಳಿರಿ.